ನಮ್ಮ ಬಾಗಿಲ ಬಲಗಡೆಯ ಕಚ್ಚು

ಅವನು ಸಾಯುವ ಹಿಂದಿನ ದಿನ ನಾವು ಜಗಳವಾಡಿದೆವು. ದಿನವೂ ಆಡುತ್ತಿದ್ದ ಜಗಳವೇ. ನಾನು ಆಲೂಗಡ್ಡೆ ತುರಿದು ರೊಟ್ಟಿ ಕರಿಯುತ್ತಿದ್ದೆ. ಲುದ್ವಿಕ್ ಹೇಳದೆ ಕೇಳದೆ ಒಂದು ಗಾಡಿ ಜನರನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದ.

ನನ್ನ ಗಂಡ ಲುದ್ವಿಕ್ ಕ್ರಾಕೋವ್‌ನ ಹಳೇ ಯಹೂದಿ ಕೇರಿಯಲ್ಲಿ ಪ್ರವಾಸಿಗಳಿಗೆ ಬ್ಯಾಟರಿ ಗಾಡಿ ಓಡಿಸುತ್ತಿದ್ದ. ಮೊದಲು ಟ್ರಾಮ್ ಓಡಿಸುತ್ತಿದ್ದವನು. ಅಲ್ಲಿ ಮಾತಾಡುವ ಹಾಗಿರಲಿಲ್ಲ. ಗಾಡಿಗೆ ಬಂದ ಮೇಲೆ ಬಾಯಿಗೆ ಬಿಡುವೇ ಇಲ್ಲ. ಯಾವ ಬಾವಿ ಕಂಡರೂ ಅದರಲ್ಲೊಬ್ಬಳು ರಾಜಕುಮಾರಿ ಬಿದ್ದಿದ್ದಳು. ಯಾವ ಬೆಕ್ಕು ಅಡ್ಡ ಬಂದರೂ ಅದು ಯಾವುದೋ ಯಹೂದಿ ಗುರುವಿನ ಬೆಕ್ಕಿನ ಮರಿಮಗ. ಅವನ ಇಂಗ್ಲಿಷ್ ನನಗೂ ಅರ್ಥವಾಗುವಷ್ಟು ಕೆಟ್ಟದಾಗಿತ್ತು.

ಅವನ ಸವಾರಿಯ ಕೊನೆಯ ನಿಲ್ದಾಣ ನಮ್ಮ ಮನೆ.

"ಇವ್ಳು ನನ್ನ ಹೆಂಡ್ತಿ ತೆಕ್ಲಾ. ಸರ್ಕಸ್ಸಲ್ಲಿ ಕತ್ತಿ ನುಂಗ್ತಿದ್ಲು," ಎಂದ ಆ ದಿನ.

"ಈಗ ನಿನ್ನ ನುಂಗ್ತೀನಿ ನೋಡು. ಮೆಟ್ಟಿಲು ಒರೆಸಿದ್ದು ಇನ್ನೂ ಆರಿಲ್ಲ."

"ನೋಡಿದ್ರಾ? ಸರ್ಕಸ್ ಬಿಟ್ರೂ ಹಸಿವು ಬಿಟ್ಟಿಲ್ಲ."

ಎಲ್ಲರೂ ನಕ್ಕರು. ಆಮೇಲೆ ಅವನು ಬಾಗಿಲ ಚೌಕಟ್ಟಿನ ಬಲಗಡೆಯ ಮರ ತೋರಿಸಿದ. ಅಲ್ಲಿ ಬೆರಳುದ್ದದ ಒಂದು ಓರೆ ಕಚ್ಚು ಇದೆ. ಯುದ್ಧಕ್ಕೆ ಮುಂಚೆ ಈ ಮನೆಯಲ್ಲಿ ಯಹೂದಿಗಳಿದ್ದರು. ದೇವರ ವಾಕ್ಯ ಬರೆದ ಚೀಟಿಯನ್ನು ಕೊಳವೆಯಲ್ಲಿಟ್ಟು ಅಲ್ಲಿ ಕೂರಿಸಿದ್ದರು. ನಾಜಿಗಳು ಅವರನ್ನು ಕರೆದೊಯ್ದರು. ಯಾರೂ ತಿರುಗಿ ಬರಲಿಲ್ಲ. ಕೊಳವೆಯನ್ನು ಯಾರೋ ಕಿತ್ತರು. ಕಚ್ಚು ಉಳಿಯಿತು. ಮನೆ ಲುದ್ವಿಕ್‌ನ ತಾಯಿಗೆ ಬಾಡಿಗೆಗೆ ಸಿಕ್ಕಿತು.

ಊರಿಡೀ ಸುಳ್ಳು ಹೇಳುವವನು ಇಲ್ಲಿ ಸುಳ್ಳು ಹೇಳುತ್ತಿರಲಿಲ್ಲ. ಇದ್ದದ್ದನ್ನಷ್ಟೇ ಹೇಳಿ ಟೋಪಿ ತೆಗೆದು ನಿಲ್ಲುತ್ತಿದ್ದ. ಬಂದವರು ಯಹೂದಿಗಳ ವಾಡಿಕೆಯಂತೆ ಕಚ್ಚು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಆ ದಿನ ಒಬ್ಬ ಮುದುಕಿ ಅತ್ತಳು. ನಾನು ರೊಟ್ಟಿ ಕೊಟ್ಟೆ. ಅಳುತ್ತಲೇ ತಿಂದಳು. ಇನ್ನೊಂದು ಕೇಳಿ ತಿಂದಳು.

ಅವರು ಇಳಿದು ಹೋದ ಮೇಲೆ ಲುದ್ವಿಕ್ ಹೇಳಿದ:

"ಕಟ್ಟಡದ ಮಾಲೀಕ ಎಲ್ಲಾ ಬಾಗಿಲೂ ಕೀಳಿಸ್ತಾನಂತೆ ಕಣೇ. ಕಬ್ಬಿಣದ್ದು ಹಾಕಿಸ್ತಾನಂತೆ. ಖಾಲಿ ಮನೇನೆಲ್ಲ ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಕೊಡ್ತಾನಂತೆ."

"ಕೊಡ್ಲಿ. ನಮ್ಮ ಬಾಗ್ಲು ಸಂದಿಗೆ ಚಳಿಗಾಳಿ ನುಗ್ಗೋದಾದ್ರೂ ನಿಲ್ಲುತ್ತೆ."

"ತಮಾಷೆ ಅಲ್ಲ ತೆಕ್ಲಾ. ಈ ಮನೇಲಿ ಅವ್ರದು ಅಂತ ಉಳಿದಿರೋದು ಅದೊಂದೇ. ಅದನ್ನ ಬಿಡ್ಬಾರ್ದು."

ತಮಾಷೆ ಅಲ್ಲ ಎಂಬ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ರೊಟ್ಟಿಗೆ ಉಪ್ಪು ಕಡಿಮೆ ಎಂದ. ಎಲ್ಲ ತಿಂದ.

ಮರುದಿನ ಗಾಡಿ ಸ್ಟ್ಯಾಂಡಿನಲ್ಲಿ ಯಾರಿಗೋ ಏನೋ ಹೇಳುತ್ತಾ ಬಿದ್ದ. ಹೃದಯ. ಆಸ್ಪತ್ರೆ ತಲುಪಲಿಲ್ಲ. ಕೊನೆಗೆ ಏನು ಹೇಳುತ್ತಿದ್ದ ಎಂದು ಸ್ಟ್ಯಾಂಡಿನವರನ್ನು ಕೇಳಿದೆ. ಎಲ್ಲರೂ ನೆಲ ನೋಡಿದರು. ನನ್ನ ವಿಷಯವೇ ಇರಬೇಕು.

ಎಲೆ ಉದುರುವ ಕಾಲಕ್ಕೆ ಕೆಲಸದವರು ಬಂದರು. ಮಾಲೀಕನ ಕಡೆಯವನೊಬ್ಬ, ಜೊತೆಗೆ ಬಡಗಿ ಯೆಂದ್ರೆಕ್. ಯೆಂದ್ರೆಕ್ ಬೆಟ್ಟದ ಸೀಮೆಯವನು. ಕುತ್ತಿಗೆಯಲ್ಲಿ ಹೆಬ್ಬೆರಳು ದಪ್ಪದ ಶಿಲುಬೆ.

"ನಾಳೆ ಬೆಳಿಗ್ಗೆ ನಿಮ್ಮ ಬಾಗ್ಲು ಅಮ್ಮಾ," ಎಂದ.

"ಈ ಮರ ಒಂದು ಬಿಡಿ. ಜನ ಇದನ್ನ ನೋಡೋಕೇ ಬರ್ತಾರೆ," ಎಂದೆ ಮಾಲೀಕನ ಕಡೆಯವನಿಗೆ.

"ಜನಕ್ಕೆ ಗಟ್ಟಿ ಬೀಗ ಬೇಕಮ್ಮಾ. ತೂತು ಯಾರಿಗೆ ಬೇಕು?"

ಅವರು ಹೋದರು. ನಾನು ಮೇಜಿನ ಖಾನೆ ಎಳೆದೆ. ಮಗು ಯೇಸುವನ್ನು ನೋಡಲು ಒಂಟೆಯೇರಿ ಬಂದ ಮೂರು ರಾಯರ ಹಬ್ಬಕ್ಕೆ ಚರ್ಚಿನಲ್ಲಿ ಮಂತ್ರಿಸಿ ಕೊಟ್ಟ ಸೀಮೆಸುಣ್ಣದ ತುಂಡಿತ್ತು. ಅದರಿಂದ ಜನವರಿಯಲ್ಲಿ ಬಾಗಿಲ ಮೇಲೆ ಆ ಮೂವರ ಹೆಸರಿನ ಮೊದಲಕ್ಷರ ಬರೆಯುತ್ತೇವೆ. ಕೆ, ಎಂ, ಬಿ, ನಡುವೆ ಶಿಲುಬೆ. ಒರೆಸಿದವರಿಗೆ ಕೇಡೆಂದು ಅದನ್ನು ಯಾರೂ ಒರೆಸುವುದಿಲ್ಲ. ಆ ವರ್ಷ ಬರೆಯುವುದು ಲುದ್ವಿಕ್‌ಗೆ ಮರೆತಿತ್ತು. ನಾನು ಬರೆದೆ. ಕಚ್ಚಿನ ಸುತ್ತಲೇ ಬರೆದೆ, ದಪ್ಪಗೆ.

ಬೆಳಿಗ್ಗೆ ಯೆಂದ್ರೆಕ್ ಹಾರೆ ಹಿಡಿದು ಬಂದ. ನೋಡಿದ. ಟೋಪಿ ತೆಗೆದ.

"ಇದು ನಿನ್ನೆ ಇರ್ಲಿಲ್ವಲ್ಲಮ್ಮಾ?"

"ನಿನ್ನೆ ಬೆಳಿಗ್ಗೆ ಪ್ರಾರ್ಥನೆ ಮಾಡಿದ್ಯಾ?"

"ಇಲ್ಲ."

"ಅದಕ್ಕೇ ಕಂಡಿಲ್ಲ."

ಅವನು ತಲೆ ಕೆರೆದ. "ನಮ್ಮೂರಲ್ಲಿ ಮೇಲ್ಗಡೆ ಬರೀತಾರೆ."

"ನಿಮ್ಮೂರವ್ರು ಉದ್ದ. ನಂಗೆ ಮಂಡಿನೋವು, ಸ್ಟೂಲ್ ಹತ್ತಕ್ಕಾಗಲ್ಲ."

ಮಾಲೀಕನ ಕಡೆಯವನು ಉಸಿರು ಬಿಡುತ್ತಾ ಮೆಟ್ಟಿಲು ಹತ್ತಿದ. "ಒರೆಸಿ ಕಿತ್ತಾಕೋ!"

"ನೀವೇ ಒರೆಸಿ ಸಾರ್. ನಂಗೆ ಚಿಕ್ಕ ಮಕ್ಕಳಿದಾವೆ."

ಅವನು ಒರೆಸಲು ಕೈ ಎತ್ತಿದ. ನನ್ನ ಸೂತಕದ ಕಪ್ಪು ಬಟ್ಟೆ ನೋಡಿದ. ಕೈ ಇಳಿಸಿದ. ಪಾದ್ರಿಗೆ ಫೋನ್ ಮಾಡಿದ.

ಫಾದರ್ ಬಂದರು. ಅಕ್ಷರ ನೋಡಿದರು. ಕಚ್ಚು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಬೆರಳಿನಲ್ಲಿ ಇನ್ನೂ ಸುಣ್ಣವಿತ್ತು. ಏಪ್ರನ್ನಿನ ಕೆಳಗೆ ಅಡಗಿಸಿದೆ.

"ಈ ಸಲ ಮೂರು ರಾಯರು ಬಹಳ ಬೇಗ ಬಂದ್ಬಿಟ್ರಲ್ಲ ತೆಕ್ಲಾ? ಒಂಟೆ ಓಡಿಸ್ಕೊಂಡೇ ಬಂದ್ರೋ?"

"ದಾರೀಲಿ ಲುದ್ವಿಕ್ ಗಾಡಿ ಸಿಕ್ಕಿರ್ಬೇಕು ಫಾದರ್."

ಅವರಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದರು. ಕಣ್ಣೊರೆಸಿಕೊಂಡು ಮಾಲೀಕನ ಕಡೆಯವನಿಗೆ ಹೇಳಿದರು: "ಆಶೀರ್ವಾದದ ಅಕ್ಷರ ಕಾಣ್ತಿರೋವರ್ಗೂ ಈ ಮರ ಕೀಳೋದು ಬೇಡಪ್ಪ. ಗಂಡನ್ನ ಕಳ್ಕೊಂಡ ಮನೆ."

"ಅಳಿಸಿಹೋದ್ರೆ?"

"ಅಳಿಸಿಹೋದ ಮೇಲೆ ನಿನ್ನಿಷ್ಟ."

"ಆಯ್ತು. ಅಳಿಸಿದ ದಿನ ಬರ್ತೀನಿ," ಎಂದ ಅವನು ನನ್ನನ್ನೇ ನೋಡುತ್ತಾ.

ಬರುತ್ತಲೇ ಇದ್ದಾನೆ. ಕೆಳಗಿನ, ಎದುರಿನ ಎಲ್ಲ ಬಾಗಿಲೂ ಕಬ್ಬಿಣವಾದವು. ನಮ್ಮದರ ಮುಂದೆ ನಿಂತು, ಕನ್ನಡಕ ಏರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡುತ್ತಾನೆ. ನಾನು ಒಳಗಿನಿಂದ "ಕಾಫಿ ಕುಡೀತೀಯಾ?" ಎನ್ನುತ್ತೇನೆ. ಬೇಡ ಎಂದು ದಡದಡ ಇಳಿದು ಹೋಗುತ್ತಾನೆ.

ಸ್ಟ್ಯಾಂಡಿನವರು ಜನರನ್ನು ಈಗಲೂ ಮೇಲೆ ಕರೆತರುತ್ತಾರೆ. ನಾನು ಬೈಯುತ್ತೇನೆ. ಬೈಯದಿದ್ದರೆ ಅವರಿಗೆ ಬೇಸರ. ಬಂದವರ ಬೆರಳು ಕಚ್ಚಿನ ಜೊತೆ ಸುಣ್ಣವನ್ನೂ ಸವರಿಕೊಂಡು ಹೋಗುತ್ತದೆ. ಸಂಜೆಯ ಹೊತ್ತಿಗೆ 'ಎಂ'ಗೆ ಒಂದು ಕಾಲಿರುವುದಿಲ್ಲ, 'ಬಿ'ಗೆ ಹೊಟ್ಟೆ ಇರುವುದಿಲ್ಲ.

ಚರ್ಚಿನ ತುಂಡು ಎಂದೋ ಮುಗಿಯಿತು. ಈಗಿನದು ಶಾಲೆಮಕ್ಕಳ ಅಂಗಡಿಯದು. ಬೆಳಿಗ್ಗೆ ಎದ್ದು, ಒಲೆಯ ಮೇಲೆ ಕೆಟಲ್ ಇಟ್ಟು, ಬಾಗಿಲು ತೆರೆದು ಹೊರಗೆ ನಿಲ್ಲುತ್ತೇನೆ. ನೀರು ಕುದಿಯುವುದರೊಳಗೆ ಮೂರು ಅಕ್ಷರವನ್ನೂ ತಿದ್ದುತ್ತೇನೆ.