ನಡುವಿನ ಬಜಾರಪ್ಪ

ಕಂಪ್ಯೂಟರಿನ ಒಳತಿರುಳಾದ ಕರ್ನೆಲ್‌ಗೆ ಡ್ರೈವರ್ ಎಂಬ ಪ್ರೋಗ್ರಾಂ ಬರೆಯಲು ಕಲಿಸುವ ಆದವಾನಿಯ ಬಜಾರಪ್ಪ ಮಾಸ್ತರರಿಗೆ ಲೋಕವೆಲ್ಲ ಲಿಂಕ್ಡ್ ಲಿಸ್ಟ್, ಅಂದರೆ ಒಂದು ಕೊಂಡಿ ಮುಂದಿನದನ್ನು ಹಿಡಿದಿರುವ ಮಾಹಿತಿಯ ಸರಪಳಿ. ವಿದ್ಯಾರ್ಥಿಗಳನ್ನು ಕೈಕೈ ಹಿಡಿಸಿ ಸಾಲಾಗಿ ನಿಲ್ಲಿಸಿ, "ನಡುವಿನಾವನ್ನ ತೆಗೀಬೇಕಂದ್ರ ಮೊದಲು ಅಕ್ಕಪಕ್ಕದವರ ಕೈ ಕೂಡಸ್ರಿ. ಇಲ್ಲಂದ್ರ ಹಿಂದಿನವರೆಲ್ಲ ಕಳದುಹೋಗ್ತಾರ, ಸಿಸ್ಟಂ ಢಮಾರ್, ಅಷ್ಟೇ!" ಎನ್ನುತ್ತಾರೆ. ರೈಲ್ವೆ ಟಿಕೆಟ್ಟಿನ ಸಾಲು ಬಿಟ್ಟು ಚಹಾಕ್ಕೆ ಹೋಗುವಾಗಲೂ ಹಿಂದುಮುಂದಿನವರ ಕೈ ಹಿಡಿಸಿಯೇ ಹೋಗುತ್ತಾರೆ; ಹತ್ತಿ ವ್ಯಾಪಾರಿಯಾದರೂ ಸರಿ, ಪೊಲೀಸಾದರೂ ಸರಿ. ಮೊನ್ನೆ ತಮ್ಮನ್ನೇ ಹಾರ್ಟ್ ಆಪರೇಷನ್ನಿಗೆ ಒಯ್ಯುವಾಗ ಮಾಸ್ತರರು ಸ್ಟ್ರೆಚರ್ ನಿಲ್ಲಿಸಿದರು. ಇವರ ಮೂಲಕವಲ್ಲದೆ ಪರಸ್ಪರ ಮಾತಾಡದ ಅಣ್ಣ ಭೀಮಲಿಂಗಪ್ಪ, ತಮ್ಮ ಸುಂಕೇಶ ಎರಡು ಬದಿಗೆ ನಿಂತಿದ್ದರು. ಇಬ್ಬರ ಕೈಯನ್ನೂ ತಮ್ಮ ಎದೆಯ ಮೇಲೆ ಕೂಡಿಸಿ, "ಈಗ ನನ್ನ ಒಯ್ರಿ" ಎಂದರು. ಆಪರೇಷನ್ ಗೆದ್ದು ಮಾಸ್ತರರು ಹೊರಬಂದಾಗ ಅಣ್ಣತಮ್ಮಂದಿರು ಒಂದೇ ಬೆಂಚಿನ ಮೇಲೆ ಕೂತು ಜಗಳವಾಡುತ್ತಿದ್ದರು. ಈ ಸಲ ನೇರವಾಗಿ.