ಆರೂವರೆ ಅಂಕದ ಅಕ್ಕ

ಬಡವರಿಗೆಂದು ಬಡಾವಣೆಯಲ್ಲಿ ನಡೆಸುವ ಯೋಜನೆಗಳಿಗೆ ಅಲ್ಲಿನ ನಿವಾಸಿಗಳೇ ಅಂಕ ಕೊಡಬೇಕೆಂದು ನಗರಸಭೆ ಕಚೇರಿ ತೀರ್ಮಾನಿಸಿದಾಗಿನಿಂದ ಇಸ್ತ್ರಿ ಅಂಗಡಿಯ ಅಕ್ಕನನ್ನು ಹಿಡಿಯುವವರೇ ಇಲ್ಲ. ಅಂಕ ತುಂಬುವ ನಮೂನೆ ಹಿಡಿದು ಅವಳ ಹಿಂದೆ ಅಲೆಯುವ ದಿನಗೂಲಿ ಗುಮಾಸ್ತನಿಗೆ ಈ ಕೆಲಸಕ್ಕೆ ಮೂರು ದಿನದ ತರಬೇತಿಯಾಗಿದೆ. ಅದರಲ್ಲಿ ಎರಡು ದಿನ ಅವನು ಚೆನ್ನಾಗಿ ನಿದ್ದೆ ಹೊಡೆದಿದ್ದ. ಅಕ್ಕ ಹೊಲಿಗೆ ತರಗತಿಗೆ ಹೋದರೆ ರವಿಕೆಯ ಒಳಮಗ್ಗುಲು ತಿರುವಿ ಹೊಲಿಗೆ ಜಗ್ಗುತ್ತಾಳೆ, ಆರೋಗ್ಯ ಶಿಬಿರಕ್ಕೆ ಹೋದರೆ ಡಾಕ್ಟರ ನಾಡಿಯನ್ನೇ ಹಿಡಿಯುತ್ತಾಳೆ. ಇಷ್ಟೆಲ್ಲ ಜಾಲಾಡಿದ ಮೇಲೂ ಎಲ್ಲದಕ್ಕೂ ಹತ್ತಕ್ಕೆ ಆರೂವರೆ ಅಂಕ! "ಅಕ್ಕಾ, ಒಂದಕ್ಕಾದ್ರೂ ಏಳು ಕೊಡಿ. ನಾನು ನಿದ್ದೆಗಣ್ಣಲ್ಲಿ ಬರ್ದಿದೀನಿ ಅಂತಾರೆ ಸಾಹೇಬ್ರು" ಎಂದು ಗುಮಾಸ್ತ ಗೋಗರೆದರೆ, "ನಿನ್ನ ಮುಖ ನೋಡಿದ್ರೆ ಯಾರಾದ್ರೂ ಹಾಗೇ ಅಂತಾರೆ ತಮ್ಮಾ" ಎನ್ನುತ್ತಾಳೆ. ಹೋದ ವರ್ಷ ಶಿಶುವಿಹಾರಕ್ಕೆ ಅವಳು ಖುಷಿಯಿಂದ ಹತ್ತಕ್ಕೆ ಹತ್ತು ಕೊಟ್ಟಿದ್ದಳು. ಗುರಿ ಈಡೇರಿತೆಂದು ಕಚೇರಿ ಮರುವಾರವೇ ಅದಕ್ಕೆ ಬೀಗ ಜಡಿಯಿತು. ಐದಕ್ಕಿಂತ ಕಡಿಮೆ ಕೊಟ್ಟರೆ ದಂಡದ ಖರ್ಚೆಂದು ಮುಚ್ಚುತ್ತಾರೆ. ಅಂದಿನಿಂದ ಅಕ್ಕನ ತಕ್ಕಡಿ ಆರೂವರೆ ಬಿಟ್ಟು ಕದಲಿಲ್ಲ. ಮೊನ್ನೆ, ಅಕ್ಕ ತಾನೂ ಕಲಿಯಲು ಹೋಗುವ ದೊಡ್ಡವರ ಅಕ್ಷರ ತರಗತಿಯ ಸರದಿ ಬಂತು. ಇಷ್ಟು ದಿನ ನಮೂನೆಗೆ ಹೆಬ್ಬೆಟ್ಟು ಒತ್ತುತ್ತಿದ್ದವಳು ಪೆನ್ನು ಕಿತ್ತುಕೊಂಡಳು. ನಾಲಿಗೆ ಕಚ್ಚಿಕೊಂಡು, ತನ್ನ ಕೈಯಾರೆ, ಸೊಟ್ಟಸೊಟ್ಟಗೆ 'ಆರೂವರೆ' ಎಂದು ಬರೆದಳು. ಬರೆದದ್ದನ್ನು ದೂರ ಹಿಡಿದು ನೋಡಿಕೊಂಡಳು. "ಒತ್ತಕ್ಷರ ಇನ್ನೂ ಕಲ್ತಿಲ್ಲ, ಬೀಗ ಹಾಕ್ಬೇಡಿ ಅಂತ ಕೆಳಗೆ ನೀನು ಬರಿ ತಮ್ಮಾ. ನಂಗೆ ಅಷ್ಟುದ್ದ ಬರಲ್ಲ" ಎಂದಳು. ಗುಮಾಸ್ತ ಎಚ್ಚರವಾಗಿದ್ದು, ದುಂಡಗೆ ಬರೆದ.