ನೀರು ಬೇಡದ ಹೂವಿನ ಪಾತಿ

ಆಡು ಗೋಡೆ ಹಾರಿ ಬಂದು ಚಿಗುರು ಮೇಯಬಹುದಿತ್ತು. ಗೆದ್ದಲು ಹತ್ತಬಹುದಿತ್ತು. ಮೊಳ ಅಗೆದರೆ ಗರಸುಕಲ್ಲು ಸಿಗುವ ನೆಲ, ಬೇರು ಇಳಿಯದೆ ಒಣಗಬಹುದಿತ್ತು. ಬಾವಿಯ ನೀರು ಸವಳಾಗಬಹುದಿತ್ತು, ಇಲ್ಲವೆ ಯುಗಾದಿಗೆ ಮೊದಲೇ ಬತ್ತಬಹುದಿತ್ತು. ಗಿಡ ಪೊದೆಯಾದರೆ ಹಾವು ಬರುತ್ತದೆ, ಹಾವು ಬಂದರೆ ನನ್ನ ತಾಯಿ ಕೂಗುತ್ತಾಳೆ, ತಾಯಿ ಕೂಗಿದರೆ ಓಣಿಯೇ ಬರುತ್ತದೆ. ಊರಿನ ಭಕ್ತರು ನಸುಕಿನಲ್ಲಿ ಬುಟ್ಟಿ ತಂದು ನಮ್ಮ ಹೂವಿನಿಂದ ತಮ್ಮ ಪುಣ್ಯ ಕಟ್ಟಿಕೊಳ್ಳಬಹುದಿತ್ತು. ಎಲ್ಲ ಸರಿಯಾಗಿ, ಹೂ ಬಿಟ್ಟ ವಾರವೇ ನನಗೆ ವರ್ಗವಾಗಬಹುದಿತ್ತು. ರಾಜ್ಯಗಳ ಗಡಿ ಬದಲಾಗಿ ಜಿಲ್ಲೆಗೆ ಜಿಲ್ಲೆಯೇ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಆಗತಾನೇ ಬಂದಿದ್ದೆವು. ಇನ್ನು ಬೀದರಿಗೂ ಒಗೆಯುತ್ತಾರೆ ಎಂದು ಕಚೇರಿಯಲ್ಲಿ ಒಬ್ಬರನ್ನೊಬ್ಬರು ಹೆದರಿಸಿಕೊಳ್ಳುತ್ತಿದ್ದೆವು.

ಇಷ್ಟನ್ನೂ ಎದುರಿಗಿಟ್ಟುಕೊಂಡು ನಾನು ಹುಕ್ಕೇರಿಯ ಹೊಸ ಮನೆಯ ಸುತ್ತ ಹೂವಿನ ಪಾತಿಗಳ ನಕ್ಷೆ ತೆಗೆಯಲು ಕೂತೆ. ಗೋಕಾಕಿನಲ್ಲಿ ವರ್ಷಗಟ್ಟಲೆ ಕಾರಕೂನಿಕೆ ಮಾಡಿ ಬಂದವನು. ಕಾಗದದ ಮೇಲೆ ಬರೆಯದೆ ದಾಸವಾಳದ ಕಡ್ಡಿ ಚುಚ್ಚಲೂ ಧೈರ್ಯ ಸಾಲದು.

ಹೆಂಡತಿ ಕೇಳಿದ್ದು ಮಲ್ಲಿಗೆ, ಸೇವಂತಿಗೆ. ಎರಡೂ ದಿನಾ ನೀರು ಬೇಡುವ ಜಾತಿ. ಅವಳಿಗೆ ಬೇಕಾಗಿದ್ದದ್ದೂ ಅದೇ. ಪಕ್ಕದ ಮನೆಯ ಸೊಸೆ ಅವಳ ತವರಾದ ಮೂಡಲಗಿಯವಳು. ಒಂದೇ ಓಣಿಯಲ್ಲಿ ಆಡಿ ಬೆಳೆದ ಇಬ್ಬರು, ಇಷ್ಟು ದೂರ ಬಂದು ಒಂದೇ ಗೋಡೆಯ ಆಚೆ ಈಚೆ ಸೇರಿದ್ದರು. ಮನೆ ಕಟ್ಟಿಸುವಾಗ ಹಸಿ ಗೋಡೆಗೆ ನೀರು ಹೊಡೆಯಲೆಂದು ಹೆಂಡತಿ ದಿನಾ ಸಂಜೆ ಬಾಡಿಗೆ ಮನೆಯಿಂದ ಇಲ್ಲಿಗೆ ಬರುತ್ತಿದ್ದಳು. ಅರ್ಧ ತಾಸು ನೀರು, ಅರ್ಧ ತಾಸು ಮಾತು. ಆ ತಿಂಗಳುಗಳಲ್ಲಿ ಅವಳು ನಕ್ಕಷ್ಟು ಮದುವೆಯಾದಾಗಿನಿಂದ ನಕ್ಕಿರಲಿಲ್ಲ. ಗೋಡೆ ಗಟ್ಟಿಯಾಯಿತು, ನಾವು ಒಳಗೆ ಬಂದೆವು, ಮಾತು ನಿಂತಿತು. ಕೈಯಲ್ಲಿ ಕೆಲಸವಿಲ್ಲದೆ ಸೊಸೆ ಮುಂಬಾಗಿಲು ದಾಟುವುದು ನನ್ನ ತಾಯಿಯ ಕಾಯಿದೆಯಲ್ಲಿ ಇರಲಿಲ್ಲ.

"ನೀರ ನಾನ ಹಾಕ್ತೇನ್ರಿ," ಎಂದಳು ಹೆಂಡತಿ. "ಸಂಜೀಕ ಎರಡು ಕೊಡ. ಅಷ್ಟರ ಹೊರಗ ನಿಂತಂಗಾಗ್ತೈತಿ."

ನನ್ನ ತಲೆಯೊಳಗೆ ಹೋದದ್ದು ಎರಡು ಕೊಡ ಮಾತ್ರ. ಕೊಡ ಎಂದರೆ ಬಾವಿ, ಬಾವಿ ಎಂದರೆ ಪಾಚಿ, ಪಾಚಿ ಎಂದರೆ ಕಾಲು ಜಾರುವುದು. ನಡು ಹಿಡಿದರೆ ಮೂಡಲಗಿಯಿಂದ ಮಾವ ಬಂದು ಏನೆಂದಾರು ಎಂಬಲ್ಲಿಗೂ ಮುಟ್ಟಿದೆ. ಇತ್ತ ಒಳಗಿನಿಂದ ತಾಯಿ, ಗೋಡೆಗೆ ಹೇಳುವವಳ ಹಾಗೆ ಹೇಳಿದಳು: "ಹರಟಿ ಹೊಡಿಯಾಕ ಹೂವಿನ ಗಿಡ ಯಾಕ ಬೇಕು? ಬರೇ ಕೊಡಾ ಹಿಡಕೊಂಡು ನಿಂತ್ರೂ ಆಗ್ತೈತಿ."

ಅತ್ತೆ ಸೊಸೆಯರ ನಡುವೆ ಮಾತು ಬೆಳೆಯದಂಥ ಪಾತಿ ಬೇಕಿತ್ತು ನನಗೆ. ಸಿಕ್ಕಿತು. ಗೋಡೆಯುದ್ದಕ್ಕೆ ಕಣಗಿಲೆ, ಮೂಲೆಗೆ ದಾಸವಾಳ, ನಡುವೆ ತಾನೇ ಬೀಜ ಚೆಲ್ಲಿ ತಾನೇ ಹುಟ್ಟುವ ಗುಲಬಕ್ಷಿ, ಅಂಚಿಗೆಲ್ಲ ಬಾರಾ ತಿಂಗಳೂ ಹೂ ಬಿಡುವ ಸದಾಫುಲಿ. ಒಡೆದ ಹೆಂಚುಗಳನ್ನು ಓರೆಯಾಗಿ ಹುಗಿದು ಕಟ್ಟೆ ಮಾಡಿದೆ. ಸಂಕೇಶ್ವರದ ಕಡೆಯಿಂದ ಒಂದು ಗಾಡಿ ರವದಿ, ಅಂದರೆ ಕಬ್ಬಿನ ಒಣ ಎಲೆ, ತರಿಸಿ ಬುಡಕ್ಕೆಲ್ಲ ಹಾಸಿದೆ. ಕಳೆ ಏಳದು, ಹಸಿ ಆರದು. ಮಳೆಗಾಲದಲ್ಲಿ ಬೇರು ಹಿಡಿದರೆ ಮುಂದೆ ಯಾರೂ ತಿರುಗಿ ನೋಡುವುದು ಬೇಡ. ನಾನು ಮಾಡಿದ ಯಾವ ಕೆಲಸವೂ ತಾಯಿಗೆ ಇಷ್ಟು ಹಿಡಿಸಿರಲಿಲ್ಲ. ಹೆಂಡತಿ ನಕ್ಷೆ ನೋಡಿ, ಚಲೋ ಐತ್ರಿ ಎಂದು ಒಳಗೆ ಹೋದಳು.

ಆಡು ಬರಲಿಲ್ಲ, ಕಣಗಿಲೆ ವಿಷವೆಂದು ಅದಕ್ಕೆ ನನಗಿಂತ ಮೊದಲೇ ಗೊತ್ತು. ರವದಿಗೆ ಗೆದ್ದಲು ಬಂದೀತೆಂದು ದಿನಾ ಬೆಳಿಗ್ಗೆ ಕೆದರಿ ನೋಡುತ್ತಿದ್ದೆ, ಅದೂ ಬರಲಿಲ್ಲ. ಭಕ್ತರು ಬಂದರು, ಬೊಗಸೆಯಷ್ಟು ಒಯ್ದರು, ಮರುದಿನ ಅದರ ಎರಡರಷ್ಟು ಅರಳಿತು. ಬೀದರದವರಿಗೆ ನಾನು ಬೇಕಾಗಲಿಲ್ಲ. ಬೇಸಿಗೆಯಲ್ಲೂ ಮನೆಯ ಸುತ್ತ ಬಣ್ಣವೋ ಬಣ್ಣ. ದಾರಿಹೋಕರು ನಿಂತು, ನೀರಿಲ್ಲದೆ ಹೆಂಗ್ರೀ ಎಂದು ಕೇಳುತ್ತಿದ್ದರು. ನಾನು ಉಪನ್ಯಾಸ ಕೊಡುತ್ತಿದ್ದೆ.

ಹೀಗಿರುತ್ತ ಪಕ್ಕದ ಮನೆಯ ಗೋಡೆಯ ಹತ್ತಿರದ ಒಂದು ಸದಾಫುಲಿ ಹಳದಿಗಟ್ಟಿ ತಲೆ ಇಳಿಸಿತು. ಚಿಂತೆಗೆ ಕಡೆಗೂ ಕೂಳು ಸಿಕ್ಕಿತೆಂದು ಕುಡುಗೋಲು ಹಿಡಿದು ಓಡಿದೆ. ರವದಿ ಸರಿಸಿದರೆ ಅಡಿಯಲ್ಲಿ ಕೆಸರು. ಕಿತ್ತರೆ ಬೇರು ಕಪ್ಪಾಗಿ ಕೊಳೆತು ಕೈಗೆ ಬಂತು. ಪಡಸಾಲೆಯಲ್ಲಿದ್ದ ತಾಯಿಗೆ ತೋರಿಸಿ, ಇದಕ್ಕೆ ದಿನಾ ಯಾರೋ ನೀರು ಹಾಕಿದ್ದಾರೆ, ಈ ಜಾತಿ ನೀರಿನಿಂದಲೇ ಸಾಯುತ್ತದೆ ಎಂದು ವೈದ್ಯನ ಗತ್ತಿನಲ್ಲಿ ವಿವರಿಸಿದೆ. ವಿವರಿಸಿ ಮುಗಿಸಿದ ಮೇಲೆ ನನಗೂ ತಿಳಿಯಿತು.

ತಾಯಿ ಅಡುಗೆಮನೆಯ ಕಡೆ ತಿರುಗಿದಳು. "ಬ್ಯಾಡನ್ನೂ ಗಿಡಕ್ಕ ನೀರ ಕುಡಿಸಿ ಕೊಂದೆಯಲ್ಲವಾ."

"ಒಂದ ತಂಬಗಿ ಹಾಕತಿದ್ನಿ, ಅತ್ತಿ," ಎಂದಳು ಹೆಂಡತಿ, ಹೊರಗೆ ಬಾರದೆ.

"ಇನ್ನ ಮ್ಯಾಲ ಅದೂ ಬ್ಯಾಡ."

ಆ ಸಂಜೆ ನಾನು ಗಿಡ ಕಿತ್ತ ಕುಣಿಗೆ ಮಣ್ಣು ತುಂಬುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಗೋಡೆಯಾಚೆ ಪಕ್ಕದ ಮನೆಯವಳು ಕೊಡ ಇಳಿಸಿ ಸ್ವಲ್ಪ ಹೊತ್ತು ನಿಂತಳು.

"ಅಕ್ಕ ಬರೂದಿಲ್ಲೇನ್ರಿ, ಅಣ್ಣಾರ?"

ಈ ಗಿಡಗಳಿಗೆ ನೀರು ಬೇಕಾಗುವುದಿಲ್ಲ ಎಂದೆ. ಅವಳು ನನ್ನನ್ನೂ ಕಣಗಿಲೆಯ ಸಾಲನ್ನೂ ನೋಡಿ, ಕೊಡ ಎತ್ತಿಕೊಂಡು ಹೋದಳು. ನಾನು ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿದೆ. ಅಷ್ಟು ಪಾತಿಗಳಲ್ಲಿ ಹೋದದ್ದು ಆ ಒಂದು ಗಿಡ.